ಒಂದು ಕಣ್ಣು ಮುಚ್ಚಿ ನೋಡಿ

ನಮ್ಮಪ್ಪನಿಗೆ ಬಲಗಣ್ಣು ಕಾಣಿಸುತ್ತಿಲ್ಲ ಅಂತ ಗೊತ್ತಾಗಿದ್ದು ಒಂದು ನುಸಿಯಿಂದ. ಸಂಜೆ ಸ್ಕೂಟರ್‌ನಲ್ಲಿ ಬರುವಾಗ ಎಡಗಣ್ಣಿಗೆ ನುಸಿ ಬಿತ್ತು. ಆ ಕಣ್ಣು ಮುಚ್ಚಿದ್ದೇ ತಡ, ಎದುರಿನ ರಸ್ತೆಯೇ ಮಾಯ. ಪುಣ್ಯಕ್ಕೆ ಗಾಡಿ ನಿಧಾನವಾಗಿತ್ತು. ಆಮೇಲೆ ತೋರಿಸಿದರೆ ಬಲಗಣ್ಣಿನಲ್ಲಿ ಪೊರೆ ಚೆನ್ನಾಗಿ ಬಲಿತಿತ್ತು. ಅಲ್ಲಿಯವರೆಗೆ ಅಪ್ಪ ಪೇಪರ್ ಓದುತ್ತಿದ್ದರು, ಅಕ್ಕಿ ಆರಿಸುತ್ತಿದ್ದರು. ಎಡಗಣ್ಣು ಸುಮ್ನೆ ಎರಡರ ಕೆಲಸವನ್ನೂ ಮಾಡುತ್ತಿತ್ತು.

ಅದಕ್ಕೇ ಮನೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದಾದರೆ ಮೊದಲ ಮಾತು ಇದು: ಒಂದೊಂದೇ ಕಣ್ಣು. ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಇನ್ನೊಂದನ್ನು ಮುಚ್ಚಿ, ಆದರೆ ಒತ್ತಬೇಡಿ. ಬೆರಳಿನಿಂದ ಮುಚ್ಚಿದರೆ ಮಕ್ಕಳು ಸಂದಿಯಲ್ಲಿ ಇಣುಕುತ್ತಾರೆ.

ದೂರದ ನೋಟ

ಬಿಳಿ ಹಾಳೆ, ಕಪ್ಪು ಮಾರ್ಕರ್, ಸ್ಕೇಲ್, ಅಳತೆ ಟೇಪು ಸಾಕು. ಹಾಳೆಯ ಮೇಲೆ ಇಂಗ್ಲಿಷಿನ ‘ಇ’ ಅಕ್ಷರವನ್ನು 2.6 ಸೆಂಟಿಮೀಟರ್ ಎತ್ತರ, ಅಷ್ಟೇ ಅಗಲಕ್ಕೆ ಬರೆಯಿರಿ. ಮೂರು ಹಲ್ಲು, ನಡುವೆ ಎರಡು ಸಂದಿ, ಎಲ್ಲವೂ ಸರಿಸುಮಾರು 5 ಮಿಲಿಮೀಟರ್ ದಪ್ಪ. ಒಳ್ಳೆ ಬೆಳಕಿರುವ ಕಡೆ ಅದನ್ನು ಹಿಡಿದುಕೊಂಡು, ನೋಡುವವರನ್ನು 6 ಮೀಟರ್ ದೂರ ನಿಲ್ಲಿಸಿ. ಮನೆಯಲ್ಲಿ ಅಷ್ಟು ಜಾಗ ಎಲ್ಲಿ? ಅಂಗಳ ಇದ್ದರೆ ಆಯಿತು. ಇಲ್ಲದಿದ್ದರೆ 3 ಮೀಟರ್ ಇಟ್ಟುಕೊಂಡು ಅಕ್ಷರವನ್ನೂ ಅರ್ಧ ಮಾಡಿ.

ದೂರಕ್ಕೆ ಕನ್ನಡಕ ಇರುವವರು ಹಾಕಿಕೊಂಡೇ ನೋಡಲಿ. ಈಗ ಹಾಳೆಯನ್ನು ಐದು ಸಲ ಬೇರೆ ಬೇರೆ ಕಡೆಗೆ ತಿರುಗಿಸಿ. ಹಲ್ಲುಗಳು ಮೇಲಕ್ಕೋ, ಕೆಳಕ್ಕೋ, ಎಡಕ್ಕೋ, ಬಲಕ್ಕೋ? ಬಾಯಲ್ಲಿ ಹೇಳದಿದ್ದರೂ ಪರವಾಗಿಲ್ಲ, ಕೈಯಲ್ಲಿ ತೋರಿಸಲಿ. ಅಕ್ಷರ ಬಾರದ ಅಜ್ಜಿಗೂ, ನಾಲ್ಕು ವರ್ಷದ ಮೊಮ್ಮಗುವಿಗೂ ಇದು ನಡೆಯುತ್ತದೆ. ಬಾಯಿಪಾಠದ ಕಾಟವೂ ಇಲ್ಲ. ಒಂದು ಶಾಲೆಯ ತಪಾಸಣೆಯಲ್ಲಿ ನಾನೇ ನೋಡಿದ್ದೇನೆ: ಕ್ಯೂನಲ್ಲಿದ್ದ ಮಕ್ಕಳು ಮುಂದಿನವನು ಓದುವುದನ್ನು ಕೇಳಿ ಕೇಳಿ ಇಡೀ ಚಾರ್ಟನ್ನೇ ಕಲಿತುಬಿಟ್ಟಿದ್ದರು!

ಐದರಲ್ಲಿ ನಾಲ್ಕು ಸರಿಯಾದರೆ ಆ ಕಣ್ಣಿಗೆ ಕನಿಷ್ಠ 6/18 ನೋಟ ಇದೆ ಎಂದು ಲೆಕ್ಕ. ಆಗದಿದ್ದರೆ ಕಣ್ಣಿನ ವೈದ್ಯರ ಹತ್ತಿರ ಹೋಗಲೇಬೇಕು. ಆಯಿತು ಎಂದರೂ ಎಲ್ಲ ಸರಿ ಅಂತಲ್ಲ. 6/6 ನೋಡಬೇಕೆಂದರೆ ಅಕ್ಷರ 9 ಮಿಲಿಮೀಟರಿಗಿಂತಲೂ ಚಿಕ್ಕದಿರಬೇಕು. ಅದನ್ನು ಮಾರ್ಕರ್‌ನಲ್ಲಿ ನೀಟಾಗಿ ಬರೆಯುವುದು ಕಷ್ಟ.

ಈ ಅಂಕಿಗಳೇನು ಹಾಗಾದರೆ? ಮೇಲಿನದು ನೀವು ನಿಂತ ದೂರ, ಮೀಟರ್ ಲೆಕ್ಕದಲ್ಲಿ. ಕೆಳಗಿನದು ಒಳ್ಳೆ ಕಣ್ಣಿನವರು ಅದೇ ಅಕ್ಷರವನ್ನು ಗುರುತಿಸಬಲ್ಲ ದೂರ. 6/18 ಅಂದರೆ ಬೇರೆಯವರಿಗೆ 18 ಮೀಟರಿನಿಂದ ಕಾಣುವುದು ನಿಮಗೆ 6 ಮೀಟರಿಗೆ ಬಂದರೆ ಕಾಣುತ್ತದೆ. ಈ ಲೆಕ್ಕದ ಚಾರ್ಟ್ ಮಾಡಿದ್ದು ನೆದರ್‌ಲೆಂಡ್ಸ್‌ನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್, 1862ರಲ್ಲಿ. ಕನ್ನಡಕದ ‘ನಂಬರ್’ ಬೇರೆ, ಇದು ಬೇರೆ. 6/12 ನೋಡಿ ಅರ್ಧ ಕಣ್ಣು ಹೋಯಿತು ಅಂತ ಗಾಬರಿಯಾಗಬೇಡಿ.

ಸರಿಯಾಗಿ ಕಾಣದವರಿಗೆ ಇನ್ನೊಂದು ಸಣ್ಣ ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟ. ದಪ್ಪ ರಟ್ಟಿನಲ್ಲಿ ಸೂಜಿಯಿಂದ ಸುಮಾರು 1 ಮಿಲಿಮೀಟರಿನ ತೂತು ಮಾಡಿ, ಅದರಲ್ಲಿ ನೋಡಲು ಹೇಳಿ. ನೋಟ ಚುರುಕಾದರೆ ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವ ತೊಂದರೆ. ತೂತಿನಲ್ಲೂ ಅಷ್ಟೇ ಮಂಜಾದರೆ ಪೊರೆಯೋ, ಕಣ್ಣಿನ ಹಿಂದಿನ ಪರದೆಯದೋ, ನರದ್ದೋ ಸಮಸ್ಯೆ ಇರಬಹುದು.

ಹತ್ತಿರದ ನೋಟ

ಪತ್ರಿಕೆಯನ್ನು ಒಂದು ಮೊಳಕ್ಕಿಂತ ಸ್ವಲ್ಪ ಹತ್ತಿರ ಹಿಡಿದು ಓದಿ. ಕೈ ತಾನಾಗಿ ದೂರ ಹೋಗುತ್ತಿದೆಯಾ? ನಲವತ್ತು ದಾಟಿರಬೇಕು ನಿಮಗೆ. ಕನ್ನಡಕಕ್ಕೆ ಹಳಬರು ‘ಚಾಳೀಸು’ ಅನ್ನುತ್ತಿದ್ದದ್ದು ಸುಮ್ನೆ ಅಲ್ಲ, ಚಾಳೀಸ್ ಅಂದರೆ ನಲವತ್ತು.

ಪಕ್ಕದ ನೋಟ

ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಗ್ಲಾಕೋಮಾ ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಅದರಲ್ಲಿ ಸಾಮಾನ್ಯವಾಗಿ ನಡುವಿನ ನೋಟ ಕೊನೆಯವರೆಗೂ ಉಳಿಯುತ್ತದೆ, ಅಂಚಿನ ಕಡೆಯದು ಸದ್ದಿಲ್ಲದೆ ಹೋಗುತ್ತದೆ. ಚಾರ್ಟ್‌ನಲ್ಲಿ 6/6 ಓದಿದವರೇ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಾರೆ.

ಇಬ್ಬರೂ ಎದುರುಬದುರು, ಒಂದು ಮೀಟರ್ ಅಂತರದಲ್ಲಿ ಕುಳಿತುಕೊಳ್ಳಿ. ಅವರು ಎಡಗಣ್ಣು ಮುಚ್ಚಿದರೆ ನೀವು ಬಲಗಣ್ಣು ಮುಚ್ಚಿ. ಅವರು ನಿಮ್ಮ ತೆರೆದ ಕಣ್ಣನ್ನೇ ದಿಟ್ಟಿಸಲಿ. ಇಬ್ಬರ ನಡುವೆ, ಹೊರಗಿನಿಂದ ಒಳಕ್ಕೆ ಬೆರಳು ಅಲ್ಲಾಡಿಸುತ್ತಾ ತನ್ನಿ, ನಾಲ್ಕೂ ಕಡೆಯಿಂದ. ನಿಮಗೆ ಕಂಡಾಗಲೇ ಅವರಿಗೂ ಕಾಣಬೇಕು. ಬಹಳ ತಡವಾಗಿ ‘ಹಾಂ’ ಎಂದರೆ ವೈದ್ಯರಿಗೆ ತೋರಿಸಿ. ಇದು ಒರಟು ಪರೀಕ್ಷೆ, ಸಣ್ಣ ನಷ್ಟ ಇದರಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಈ ಆಟ ಬಿಟ್ಟು ನೇರ ಆಸ್ಪತ್ರೆಗೆ ಹೋಗುವುದೇ ಒಳ್ಳೆಯದು.

ಇನ್ನು ಉಳಿದವು ಬೇಗ ಮುಗಿಯುತ್ತವೆ. ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ನೆಟ್ಟಗಿರುವ ಸರಳು ಸೊಟ್ಟ ಕಂಡರೆ ತಡ ಮಾಡಬೇಡಿ. ಬಿಳಿ ಲೋಟಕ್ಕೆ ಹಾಲು ಬಗ್ಗಿಸುವಾಗ ತುಂಬಿದ್ದು ಗೊತ್ತಾಗದಿದ್ದರೆ, ಮಬ್ಬಿನಲ್ಲಿ ಮೆಟ್ಟಿಲಿನ ಅಂಚು ಸಿಗದಿದ್ದರೆ, ಅದನ್ನೂ ವೈದ್ಯರಿಗೆ ಹೇಳಿ. ಚಾರ್ಟ್ ಇದನ್ನು ಹಿಡಿಯುವುದಿಲ್ಲ. ಮಗು ಸಂಜೆಯಾದರೆ ತಡವರಿಸಿದರೆ ಇರುಳುಗಣ್ಣು ಇರಬಹುದು; ಎ ವಿಟಮಿನ್ ಕೊರತೆ ಅದಕ್ಕೊಂದು ಕಾರಣ. ಬಣ್ಣದ ಪರೀಕ್ಷೆಯನ್ನು ಮಾತ್ರ ಮೊಬೈಲಿನಲ್ಲಿ ಮಾಡಬೇಡಿ, ಒಂದೊಂದು ಸ್ಕ್ರೀನಿನ ಬಣ್ಣ ಒಂದೊಂದು ಥರ.

ಚೀಟಿ ಓದುವುದು

ಆಸ್ಪತ್ರೆಯ ಚೀಟಿಯಲ್ಲಿ ‘ಸಿಎಫ್’ ಇದ್ದರೆ ಬೆರಳು ಎಣಿಸುವಷ್ಟು, ‘ಎಚ್‌ಎಂ’ ಇದ್ದರೆ ಕೈ ಆಡಿಸಿದ್ದು ತಿಳಿಯುವಷ್ಟು, ‘ಪಿಎಲ್’ ಇದ್ದರೆ ಬರೀ ಬೆಳಕು ಗೊತ್ತಾಗುವಷ್ಟು ನೋಟ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಎರಡರಲ್ಲಿ ಚೆನ್ನಾಗಿರುವ ಕಣ್ಣಿನಲ್ಲಿ, ಕನ್ನಡಕ ಹಾಕಿದ ಮೇಲೂ ನೋಟ 3/60ಕ್ಕಿಂತ ಕಡಿಮೆ ಇದ್ದರೆ ಅದು ಕುರುಡುತನ. ನೋಟದ ಹರವು 10 ಡಿಗ್ರಿಗಿಂತ ಕಿರಿದಾದರೂ ಅಷ್ಟೇ. 6/18ರಿಂದ 3/60ರವರೆಗೆ, ಅಥವಾ ಹರವು 40ರಿಂದ 10 ಡಿಗ್ರಿಯೊಳಗೆ ಇದ್ದರೆ ಮಂದದೃಷ್ಟಿ. ಅಂಗವಿಕಲರ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಎಲ್ಲದಕ್ಕೂ ಇದೇ ಆಧಾರ. ‘ಚೆನ್ನಾಗಿರುವ ಕಣ್ಣು’ ಅನ್ನುವ ಮಾತನ್ನು ಗಮನಿಸಿದಿರಾ? ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಬೇಕಾದ ಶೇ 40 ಅಂಗವೈಕಲ್ಯದ ಲೆಕ್ಕ ಸಿಗುವುದಿಲ್ಲ. ಎಷ್ಟೋ ಜನ ಇದು ತಿಳಿಯದೆ ಸುಮ್ನೆ ಅಲೆಯುತ್ತಾರೆ.

ಇದ್ದಕ್ಕಿದ್ದಂತೆ ನೋಟ ಹೋದರೆ, ಮಿಂಚು ಹೊಡೆದ ಹಾಗೆ ಆದರೆ, ಪರದೆ ಇಳಿದಂತೆ ಕಂಡರೆ ಮನೆ ಪರೀಕ್ಷೆ ಬೇಡ, ಅವತ್ತೇ ಹೊರಡಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಅಲ್ಲಿ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದೆಲ್ಲ ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಸ್ಕೂಟರ್ ಮನೆಯಲ್ಲೇ ಇರಲಿ.