ಬೇಗ ಅರಳುವ ಡ್ಯಾಫೊಡಿಲ್: ನಾನು ಬೆಳೆಸುವ ರೀತಿ

ಡ್ಯಾಫೊಡಿಲ್ ಅಂದರೆ ಚಳಿ ಪ್ರದೇಶದಲ್ಲಿ ಗೆಡ್ಡೆಯಿಂದ ಬೆಳೆಯುವ ಹೂಗಿಡ. ಅದು ಬೇಗ ಅರಳಬೇಕು ಅಂದರೆ ಮೊದಲು ತಳಿ ನೋಡಬೇಕು. ಗೊಬ್ಬರ, ನೀರು ಎಲ್ಲ ಆಮೇಲೆ. ತಡವಾಗಿ ಅರಳುವ ತಳಿಗೆ ಎಷ್ಟೇ ಆರೈಕೆ ಮಾಡಿ, ಅದು ತನ್ನ ಹೊತ್ತಿಗೇ ಬರುತ್ತದೆ.

ನನ್ನಲ್ಲಿ ಎಲ್ಲಕ್ಕಿಂತ ಮುಂಚೆ ಬರುವುದು ‘ರೈನ್‌ವೆಲ್ಡ್ಸ್ ಅರ್ಲಿ ಸೆನ್ಸೇಷನ್’. ಚಳಿ ಇನ್ನೂ ಬಿಟ್ಟಿರುವುದಿಲ್ಲ, ಆಗಲೇ ಹಳದಿ ಹೂ. ಅದರ ಹಿಂದೆಯೇ ‘ಫೆಬ್ರವರಿ ಗೋಲ್ಡ್’. ಹೆಸರು ನೋಡಿ ದಿನ ಎಣಿಸಬೇಡಿ, ಚಳಿ ಜಾಸ್ತಿ ಇದ್ದರೆ ಮಾರ್ಚ್‌ಗೆ ಹೋಗುತ್ತದೆ. ಕುಂಡಕ್ಕೆ ನನ್ನ ಆಯ್ಕೆ ‘ಟೆಟ್-ಅ-ಟೆಟ್’. ಗೇಣುದ್ದದ ಗಿಡ, ಒಂದೇ ದಂಟಿನಲ್ಲಿ ಎರಡು ಮೂರು ಹೂ. ಗಿಡ್ಡವಾದ್ದರಿಂದ ಗಾಳಿ ಮಳೆಗೆ ಬೀಳುವುದೂ ಕಡಿಮೆ.

ಗೆಡ್ಡೆಯನ್ನು ಕೈಗೆತ್ತಿಕೊಂಡು ನೋಡದೆ ನಾನು ಕೊಳ್ಳುವುದಿಲ್ಲ. ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ತೂಕ ಇರಬೇಕು. ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಬೇರು ಹೊರಡುವ ಆ ಬಿಲ್ಲೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬುಡಕೊಳೆ ರೋಗ ಹಿಡಿದಿದೆ ಅಂತಲೇ ಲೆಕ್ಕ, ವಾಪಸ್ ಇಡುತ್ತೇನೆ. ಸಿಪ್ಪೆ ಸ್ವಲ್ಪ ಹರಿದಿದ್ದರೆ ಚಿಂತೆಯಿಲ್ಲ. ಗೆಡ್ಡೆಗೆ ಇಷ್ಟು ಯಾಕೆ ಗಮನ ಅಂದರೆ, ಮುಂದಿನ ಹೂ ಆಗಲೇ ಅದರೊಳಗೆ ಇರುತ್ತದೆ. ಒಮ್ಮೆ ಒಂದನ್ನು ಉದ್ದಕ್ಕೆ ಸೀಳಿದೆ. ಈರುಳ್ಳಿಯ ಹಾಗೆ ಪದರ ಪದರ, ನಟ್ಟನಡುವೆ ತಿಳಿ ಬಣ್ಣದ ಪುಟ್ಟ ಮೊಗ್ಗು. ನಾವು ನೆಡುವ ಮೊದಲೇ, ಬೇಸಿಗೆಯಲ್ಲೇ ಅದು ರೂಪುಗೊಂಡಿರುತ್ತದೆ.

ಬೇಗ ಅರಳುವ ತಳಿಯನ್ನು ಬೇಗ ನೆಡಬೇಕು. ಚಳಿ ಪ್ರದೇಶದಲ್ಲಿ ಸೆಪ್ಟೆಂಬರ್ ಸರಿಯಾದ ಕಾಲ, ಮಣ್ಣು ಬೆಚ್ಚಗಿರುವಾಗಲೇ ಬೇರು ಇಳಿಯುತ್ತದೆ. ಗೆಡ್ಡೆ ಎಷ್ಟು ಎತ್ತರವೋ ಅದರ ಮೂರರಷ್ಟು ಆಳದ ಗುಂಡಿ, ಮೂತಿ ಮೇಲೆ. ನೀರು ನಿಲ್ಲಲೇಬಾರದು.

ಚಳಿಗಾಲವೇ ಸರಿಯಾಗಿ ಬಾರದ ಕಡೆ ಗೆಡ್ಡೆಯನ್ನು ಸುಮ್ನೆ ನೆಟ್ಟರೆ ಹೂ ಸಿಗುವುದಿಲ್ಲ. 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪು 12ರಿಂದ 16 ವಾರ ಬೇಕು. ಫ್ರಿಜ್‌ನಲ್ಲಿ ಇಡಬಹುದು, ಆದರೆ ಹಣ್ಣಿನ ಜೊತೆ ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ‘ಪೇಪರ್‌ವೈಟ್’ ಅನ್ನುವ ಬಿಳಿ ಹೂವಿನ ಡ್ಯಾಫೊಡಿಲ್ ಇದೆ, ಅದಕ್ಕೆ ತಂಪಿನ ಹಂಗಿಲ್ಲ. ಇನ್ನೊಂದು ಮಾತು: ಈ ಗೆಡ್ಡೆ ವಿಷ. ಅಡುಗೆ ಸಾಮಾನಿನ ಹತ್ತಿರ ಇಡಬೇಡಿ.

ಹೂ ಬಾಡಿದ ಮೇಲೆ ಅದನ್ನಷ್ಟೇ ಚಿವುಟಿ, ಎಲೆ ಮುಟ್ಟಬೇಡಿ. ಕನಿಷ್ಠ 6 ವಾರ ಹಾಗೇ ಬಿಡಬೇಕು. ನೋಡಲು ಚೆನ್ನಾಗಿಲ್ಲ ಅಂತ ಎಲೆಗಳನ್ನು ಜಡೆ ಹೆಣೆಯುವವರಿದ್ದಾರೆ, ಅದೂ ಬೇಡ. ಮುಂದಿನ ಮೊಗ್ಗಿಗೆ ಊಟ ಆ ಎಲೆಯಿಂದಲೇ, ಅಲ್ವಾ? ಈ ಹೊತ್ತಿನಲ್ಲಿ ನಾನು ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರ ಕೊಡುತ್ತೇನೆ, ಮಣ್ಣು ಒಣಗದ ಹಾಗೆ ನೋಡಿಕೊಳ್ಳುತ್ತೇನೆ. ಗುಂಪು ದಟ್ಟವಾಗಿ ಬರೀ ಎಲೆ ಬರತೊಡಗಿದರೆ, ಎಲೆ ಪೂರ್ತಿ ಹಳದಿಯಾದ ಮೇಲೆ ಅಗೆದು, ಬಿಡಿಸಿ, ಅಂತರ ಕೊಟ್ಟು ಮತ್ತೆ ನೆಡುತ್ತೇನೆ.