ಮುಂಬೈನ ಸೇಂಟ್ ಥಾಮಸ್ ಕೆಥೆಡ್ರಲ್: ಗೋಡೆಗಳನ್ನ ಓದೋಕೆ ಸಮಯ ಇಟ್ಟುಕೊಳ್ಳಿ

ಮುಂಬೈಗೆ ಹೋಗೋರು ಫೋರ್ಟ್ ಕಡೆ ಸುತ್ತಾಡುವಾಗ ಹಾರ್ನಿಮನ್ ಸರ್ಕಲ್ ಹತ್ತಿರದ ಸೇಂಟ್ ಥಾಮಸ್ ಕೆಥೆಡ್ರಲ್ ಬಿಡಬೇಡಿ. ಚರ್ಚ್‌ಗೇಟ್ ಸ್ಟೇಷನ್ನಿನಿಂದ ವೀರ್ ನಾರಿಮನ್ ರಸ್ತೆ ಹಿಡಿದು, ಫ್ಲೋರಾ ಫೌಂಟನ್ ದಾಟಿ ನೇರ ನಡೆದರೆ ಸಾಕು. ಆ ಸ್ಟೇಷನ್ನಿಗೆ ಹೆಸರು ಬಂದಿದ್ದೇ ಈ ಚರ್ಚಿನಿಂದ. ಹಳೇ ಕೋಟೆಗೆ ಇದರ ಕಡೆ ಒಂದು ಬಾಗಿಲಿತ್ತು, ಅದೇ ಚರ್ಚ್ ಗೇಟ್.

1676ರಲ್ಲಿ ಶುರುವಾದ ಕಟ್ಟಡ ಅರ್ಧಕ್ಕೇ ನಿಂತು, ಕೊನೆಗೆ 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. 1837ರಲ್ಲಿ ಕೆಥೆಡ್ರಲ್, ಅಂದರೆ ಬಿಷಪ್ಪರ ಮುಖ್ಯ ಚರ್ಚ್ ಆಯಿತು.

ಹೆಚ್ಚಿನವರು ಸುಮ್ನೆ ಒಂದು ಸುತ್ತು ಹಾಕಿ ಬಂದುಬಿಡ್ತಾರೆ. ಹಾಗೆ ಮಾಡಬೇಡಿ. ಇಲ್ಲಿನ ನಿಜವಾದ ಸಂಪತ್ತು ಸತ್ತವರ ನೆನಪಿಗೆ ಗೋಡೆಗೆ ಹಾಕಿದ ಅಮೃತಶಿಲೆ ಫಲಕಗಳು. ಬ್ರಿಟಿಷರ ಕಾಲದಲ್ಲಿ ಬಾಂಬೆ ಗವರ್ನರ್ ಆಗಿದ್ದ ಜೋನಾಥನ್ ಡಂಕನ್ ಸ್ಮಾರಕ ಹುಡುಕಿ. ಅದರ ಕೆಳಗೆ ಎರಡು ಪುಟ್ಟ ಕೂಸುಗಳು ಒಂದು ಸುರುಳಿ ಹಿಡಿದಿವೆ. ಬನಾರಸ್ ಮತ್ತು ಗುಜರಾತಿನ ಕಾಠಿಯಾವಾಡದಲ್ಲಿ ಶಿಶುಹತ್ಯೆ ನಿಲ್ಲಿಸಿದ್ದನ್ನ ಅದರಲ್ಲಿ ಬರೆದಿದ್ದಾರೆ. ಅದರ ಮುಂದೆ ನಿಂತಾಗ ನನಗೆ ಗಂಟಲು ಕಟ್ಟಿತು. ಉಳಿದ ಫಲಕಗಳಲ್ಲಿ ಸತ್ತವರ ವಯಸ್ಸು ನೋಡಿ, ಎಷ್ಟೊಂದು ಜನ ಎಳೇ ಪ್ರಾಯದವರು ಅಲ್ವಾ ಅನಿಸುತ್ತೆ.

ಅಕ್ಷರಗಳು ಸಣ್ಣವು, ಕನ್ನಡಕ ಮರೆಯಬೇಡಿ. ಬೆಳಕು ಚೆನ್ನಾಗಿರೋ ಹೊತ್ತಲ್ಲಿ ಹೋಗಿ. ಇದು ಈಗಲೂ ಪ್ರಾರ್ಥನೆ ನಡೆಯೋ ಜಾಗ. ಭಾನುವಾರ ಬೆಳಗ್ಗೆ ಬಿಟ್ಟು ಬೇರೆ ದಿನ ಹೋದರೆ ಒಳ್ಳೇದು. ಫೋಟೋ ತೆಗೆಯೋ ಮೊದಲು ಅಲ್ಲಿದ್ದವರನ್ನ ಒಂದು ಮಾತು ಕೇಳಿ.