ನಾನಿಲ್ಲದಾಗ ಹಳ್ಳಕ್ಕೆ ಏನಾಯ್ತು?

ಖಾನಾಪುರದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರ್ ಬಿಚ್ಚುವುದು, ಹೊಸ ತಂತಿ ಸುತ್ತುವುದು, ವಾರ್ನಿಷ್ ಹೊಡೆದು ಕೊಡುವುದು. ಊರು ಜಾಂಬೋಟಿ ಕಡೆ. ಅಲ್ಲಿ ಎರಡು ಎಕರೆ ಗದ್ದೆ, ಒಂದಷ್ಟು ಗೇರು ಗಿಡ, ಬದಿಯಲ್ಲೇ ಹಳ್ಳ. ಹಳ್ಳ ಹೋಗಿ ಮಲಪ್ರಭೆಗೆ ಸೇರುತ್ತದೆ. ಮಲಪ್ರಭೆ ಗೊತ್ತಲ್ಲ, ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ಸ್ವಲ್ಪ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗುತ್ತದೆ.

ಹಳ್ಳದ ನೀರು ಅಳೀತೀನಿ ಅಂದರೆ ನಮ್ಮ ಕಡೆ ಜನ ಮೊದಲು ಕೇಳುವುದು, "ಮಹದಾಯಿ ಕೇಸಿಗೇನ್ರಿ?" ಅಂತ. ಅಲ್ಲ. ಮಹದಾಯಿ ಪಶ್ಚಿಮಕ್ಕೆ, ಗೋವಾ ಕಡೆ ಹರಿಯುತ್ತದೆ. ನನ್ನ ಹಳ್ಳ ಪೂರ್ವಕ್ಕೆ. ಅದರ ಜಗಳವೂ ಚಿಕ್ಕದು. ನಾಲ್ಕೈದು ಮನೆಯವರದ್ದು.

ಜಗಳ ಏನಂದರೆ, ಬೇಸಿಗೆಯಲ್ಲಿ ನೀರು ಕಡಿಮೆಯಾಗಿದೆ ಅನ್ನುವುದು. ಕಾರಣ ಒಬ್ಬೊಬ್ಬರದ್ದು ಒಂದೊಂದು. ಮೇಲಿನ ಅಕೇಶಿಯಾ ನೆಡುತೋಪು ಅಂತ ಒಬ್ಬರು, ಮಳೆಯೇ ಕಮ್ಮಿ ಅಂತ ಇನ್ನೊಬ್ಬರು. ಎಷ್ಟು ಕಡಿಮೆಯಾಗಿದೆ ಅಂತ ಕೇಳಿದರೆ, "ಮೊದಲ ಮೊಣಕಾಲ ಮಟ ಇರ್ತಿತ್ತು." ಯಾರ ಮೊಣಕಾಲು? ಎಂಟು ವರ್ಷದ ಹುಡುಗನಾಗಿದ್ದಾಗಿನದೋ, ಈಗಿನದೋ?

2020ರಲ್ಲಿ ಲಾಕ್‌ಡೌನ್ ಆಯಿತು. ಅಂಗಡಿ ಬಂದ್. ಕೈ ಖಾಲಿ. ಒಂದು ಅಲ್ಯೂಮಿನಿಯಂ ಪಟ್ಟಿಗೆ ಸೆಂಟಿಮೀಟರ್ ಗುರುತು ಹಾಕಿ, ಆಂಗಲ್‌ಗೆ ಬೋಲ್ಟ್ ಮಾಡಿ, ಹಳ್ಳದ ಒಂದು ಮಡುವಿನಲ್ಲಿ ನಿಲ್ಲಿಸಿದೆ. ಊರಲ್ಲಿದ್ದ ದಿನ ಹೋಗಿ ನೋಡುವುದು, ವಹಿಯಲ್ಲಿ ತಾರೀಖು ಮತ್ತು ನೀರಿನ ಮಟ್ಟ ಬರೆಯುವುದು. ಒಂದು ವರ್ಷ ತುಂಬುವ ಹೊತ್ತಿಗೆ ಹೆಚ್ಚೂಕಡಿಮೆ ಇನ್ನೂರು ಸಾಲು ಆಗಿತ್ತು. ಬಹಳ ಖುಷಿ ನನಗೆ.

ಆ ಇನ್ನೂರು ಸಾಲಿನಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ತಪ್ಪು ಎರಡು. ಮೊದಲನೆಯದು, ಮಳೆಗಾಲದ ನೀರಿಗೆ ಪಟ್ಟಿ ಯಾವಾಗಲೋ ವಾಲಿ, ಒಂದಷ್ಟು ಕುಸಿದಿತ್ತು. ಎಷ್ಟು ಕುಸಿಯಿತು, ಯಾವತ್ತು ಕುಸಿಯಿತು ಅನ್ನುವುದಕ್ಕೆ ಗುರುತೇ ಇರಲಿಲ್ಲ. ಇದಕ್ಕೆ ಪರಿಹಾರ ಸುಲಭ, ಆಮೇಲೆ ಮಾಡಿದೆ. ದಂಡೆಯ ಅಲುಗಾಡದ ಬಂಡೆಯೊಂದರ ಮೇಲೆ ಉಳಿಯಿಂದ ಒಂದು ಗೆರೆ ಕೊರೆದೆ. ಗೌಂಡಿಗಳು ಮನೆ ಕಟ್ಟುವಾಗ ಹಿಡಿಯುತ್ತಾರಲ್ಲ, ನೀರು ತುಂಬಿದ ಲೆವೆಲ್ ಪೈಪು, ಅದೇ ಸಾಕು. ಬಂಡೆಯ ಗೆರೆಗೂ ಪಟ್ಟಿಯ ಸೊನ್ನೆಗೂ ಎಷ್ಟು ಅಂತರ ಅಂತ ತಿಂಗಳಿಗೊಮ್ಮೆ, ದೊಡ್ಡ ಮಳೆಯಾದ ಮೇಲೆ ತಪ್ಪದೆ ನೋಡುತ್ತೇನೆ. ಅಂತರ ಬದಲಾದರೆ ಪಟ್ಟಿ ಅಲುಗಿದೆ ಅಂತ ಲೆಕ್ಕ. ಜಾಗವನ್ನೂ ಬದಲಿಸಿದೆ. ಮಡುವಿನಲ್ಲಿ ಮರಳು ತುಂಬುತ್ತದೆ, ಖಾಲಿಯಾಗುತ್ತದೆ, ತಳವೇ ನಿಲ್ಲುವುದಿಲ್ಲ. ಕೆಳಗಡೆ ಬಂಡೆ ತಳ ಇರುವ, ನೀರು ಒಂದೇ ಕಡೆಯಿಂದ ಹಾಯುವ ಇಕ್ಕಟ್ಟಿನ ಜಾಗ ಹುಡುಕಿದೆ.

ಎರಡನೆಯ ತಪ್ಪು ದೊಡ್ಡದು. ಹೊತ್ತು ಬರೆದಿರಲಿಲ್ಲ. ಫೆಬ್ರವರಿ, ಮಾರ್ಚ್ ಸಾಲು ನೋಡಿದರೆ ಒಂದು ದಿನ 11, ಮಾರನೇ ದಿನ 7, ಮತ್ತೆ 10. ಹನಿ ಮಳೆಯಿಲ್ಲ. ನೀರು ಏರುವುದೇಕೆ, ಇಳಿಯುವುದೇಕೆ? ಪಟ್ಟಿ ಸರಿಯಿಲ್ಲ ಅಂದುಕೊಂಡೆ. ನನ್ನ ಅಕ್ಷರವನ್ನೇ ಬೈದುಕೊಂಡೆ.

ಮುಂದಿನ ವರ್ಷದಿಂದ ಗಂಟೆ ನಿಮಿಷ ಬರೆಯತೊಡಗಿದೆ. ಆಗಲೂ ಗೊಂದಲ. ಕೆಲವು ವಾರ ಬೆಳಗ್ಗೆ ನೀರು ಕಡಿಮೆ, ಸಂಜೆ ಜಾಸ್ತಿ. ಕೆಲವು ವಾರ ತಿರುಗಾಮುರುಗಾ. ಇದು ಬಿಡಿಸಿಕೊಂಡದ್ದು ಹಳ್ಳದಲ್ಲಲ್ಲ, ಅಂಗಡಿಯಲ್ಲಿ. ಒಬ್ಬ ಗಿರಾಕಿ ಸುಟ್ಟ ಮೋಟರ್ ತಂದು ಇಳಿಸಿದ. "ಈ ವಾರ ರಾತ್ರಿ ತ್ರೀ ಫೇಸ್ ಅಲ್ರಿ, ಮಲಗಿದ್ದೆ, ನೋಡೋದ್ರಾಗ ಸುಟ್ಟೈತಿ" ಅಂದ. ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ನೀರಿನ ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟು ನಮ್ಮ ಕಡೆ ಒಂದು ವಾರ ಹಗಲು ಬರುತ್ತದೆ, ಒಂದು ವಾರ ರಾತ್ರಿ. ನನ್ನ ಹಳ್ಳ ಏರಿ ಇಳಿಯುತ್ತಿದ್ದದ್ದು ಕರೆಂಟಿನ ಪಾಳಿಯಂತೆ! ಹಳ್ಳದ ಮೇಲಿನ ಗುಂಡಿಗಳಲ್ಲಿ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ಬಿಟ್ಟ ಎಲ್ಲ ಮೋಟರುಗಳೂ ನನ್ನ ಕೈಯಲ್ಲೇ ರಿವೈಂಡ್ ಆದವು. ಹೊಳೆಯದೆ ಹೋದದ್ದು ನನಗೇ.

ಊಹೆ ಅಂದರೆ ಊಹೆ, ಪರೀಕ್ಷೆ ಮಾಡಬೇಕಲ್ವಾ? ಬೇಸಿಗೆಯ ಸಣ್ಣ ನೀರಿಗೆ ಪಟ್ಟಿಯ ಓದು ಸಾಲದು. ಒಂದು ತಗಡಿನ ಹಲಗೆಗೆ 90 ಡಿಗ್ರಿಯ ವಿ ಆಕಾರದ ಕಂಡಿ ಕೊಯ್ದು, ಹಳ್ಳಕ್ಕೆ ಅಡ್ಡ ನಿಲ್ಲಿಸಿ, ಬದಿಗೆ ಜೇಡಿ ಮಣ್ಣು ಮೆತ್ತಿದೆ. ನೀರೆಲ್ಲ ಆ ಕಂಡಿಯಿಂದಲೇ ಬೀಳಬೇಕು. ಕಂಡಿಯ ಮೂಲೆಯಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ಮೀಟರಿನಲ್ಲಿ ಅಳೆದು, ಅದನ್ನು ಎರಡೂವರೆ ಘಾತಕ್ಕೆ ಏರಿಸಿ, 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಬರುತ್ತದೆ. ಫೋನಿನ ಕ್ಯಾಲ್ಕುಲೇಟರ್ ಸಾಕು. ಒಂದೇ ಎಚ್ಚರಿಕೆ. ಎತ್ತರವನ್ನು ಕಂಡಿಯ ಬಾಯಲ್ಲೇ ಅಳೆಯಬಾರದು. ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ, ಕಡಿಮೆ ತೋರಿಸುತ್ತದೆ. ಸ್ವಲ್ಪ ಹಿಂದೆ, ನೀರು ಸಮತಟ್ಟಾಗಿರುವ ಕಡೆ ಗೂಟ ಹೊಡೆದು ಅಲ್ಲಿ ನೋಡಬೇಕು. ನಾನು ಮೊದಲ ವಾರ ಬಾಯಲ್ಲೇ ನೋಡಿದೆ. ಆ ಪುಟವೂ ಹೋಯಿತು.

ಒಂದು ಮಾರ್ಚ್ ರಾತ್ರಿ ಅಕ್ಕನ ಮಗನನ್ನು ಕರೆದುಕೊಂಡು ಹಳ್ಳದ ಬದಿ ಕೂತೆ. ಚಹಾದ ಥರ್ಮಾಸ್, ಟಾರ್ಚು, ಸೊಳ್ಳೆ ಬತ್ತಿ. ಅರ್ಧ ಗಂಟೆಗೊಮ್ಮೆ ಓದು. ರಾತ್ರಿ ಎಂಟಕ್ಕೆ 10 ಸೆಂಟಿಮೀಟರ್. ಹತ್ತಕ್ಕೆ ತ್ರೀ ಫೇಸ್ ಬಂತು. ಮೇಲೆ ಮೋಟರಿನ ಸದ್ದು ಶುರುವಾಯಿತು. ಹನ್ನೆರಡಕ್ಕೆ 8. ಎರಡಕ್ಕೆ 7, ಅಲ್ಲೇ ನಿಂತಿತು. ಬೆಳಗಿನ ಐದಕ್ಕೆ ಕರೆಂಟ್ ಹೋಯಿತು. ಒಂಬತ್ತು ಗಂಟೆಗೆ ಮತ್ತೆ 10.

ಮೂರೇ ಸೆಂಟಿಮೀಟರ್ ಅಂತ ತಾತ್ಸಾರ ಮಾಡುವ ಹಾಗಿಲ್ಲ. 10 ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 4.4 ಲೀಟರ್ ನೀರು. 7ಕ್ಕೆ 1.8 ಲೀಟರ್ ಅಷ್ಟೇ. ಅರ್ಧಕ್ಕಿಂತ ಹೆಚ್ಚು ಮಾಯ. ನಂಬಿಕೆಯಾಗದೆ ಕಂಡಿಯ ಕೆಳಗೆ 15 ಲೀಟರ್ ಬಕೆಟ್ ಹಿಡಿದೆ. ತುಂಬಲು ಎಂಟು ಸೆಕೆಂಡಿನ ಮೇಲೆ ಹಿಡಿಯಿತು. ಲೆಕ್ಕ ಕೂಡಿತು. ಮೋಟರ್ ಓಡುವಾಗ ಮೇಲಿನ ಗುಂಡಿ ತುಂಬಿ ಹರಿಯುವುದೇ ಇಲ್ಲ. ನನ್ನ ತನಕ ಬರುವುದು ನಡುವಿನ ಒರತೆ ನೀರು ಮಾತ್ರ.

ಕರೆಂಟೇ ಇಲ್ಲದ ಒಂದು ದಿನ ಇನ್ನೊಂದು ಕಂಡೆ. ಮಧ್ಯಾಹ್ನದ ಹೊತ್ತಿಗೆ ಮಟ್ಟ ಅರ್ಧ ಸೆಂಟಿಮೀಟರ್ ಇಳಿದು, ಕತ್ತಲಾದ ಮೇಲೆ ಏರಿತು. ಬಿಸಿಲೇರಿದಾಗ ದಂಡೆಯ ಮರಗಳು ಬೇರಿನಿಂದ ನೀರು ಎಳೆಯುತ್ತವೆ. ಸಣ್ಣ ಹಳ್ಳಗಳಲ್ಲಿ ಅದು ಮಟ್ಟದಲ್ಲೇ ಕಾಣುವುದುಂಟು. ಅರ್ಧ ಸೆಂಟಿಮೀಟರ್ ನನ್ನ ಕಣ್ಣಿನ ತಪ್ಪೂ ಇರಬಹುದು. ಹಾಗಾಗಿ ವಹಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಬೇರೆ ಕಾಲದ್ದು ಬೇಗ ಹೇಳುತ್ತೇನೆ. ನವೆಂಬರ್, ಡಿಸೆಂಬರಿನಲ್ಲಿ ಕಂಡಿ ಸಾಲದು, ನಿಂಬೆಹಣ್ಣು ಬೇಕು. 10 ಮೀಟರ್ ಅಳೆದು, ನಿಂಬೆಹಣ್ಣು ತೇಲಿಬಿಟ್ಟು, ಎಷ್ಟು ಸೆಕೆಂಡ್ ಅಂತ ಹತ್ತು ಸಲ ನೋಡುವುದು. ಒಣ ಎಲೆ, ಥರ್ಮೋಕೋಲ್ ಬೇಡ, ಗಾಳಿ ದೂಡುತ್ತದೆ. ನಿಂಬೆಹಣ್ಣು ಬಹುಪಾಲು ಮುಳುಗಿ ಹೋಗುತ್ತದೆ. ಮೇಲ್ಮೈ ನೀರು ತಳಕ್ಕಿಂತ ಜೋರು, ಹಾಗಾಗಿ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಆಮೇಲೆ ಅಗಲ, ಆಳದಿಂದ. ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುವುದೇ ಇಲ್ಲ. ಕಾಲುಸೇತುವೆಯ ಮೇಲಿಂದ ಪಟ್ಟಿ ಓದಿ ಬರುತ್ತೇನೆ. ಮಳೆ ಮಾತ್ರ ದಿನಾ ಬೆಳಗ್ಗೆ 8.30ಕ್ಕೆ ಅಳೆಯುತ್ತೇನೆ. ಹವಾಮಾನ ಇಲಾಖೆಯ ಹೊತ್ತೂ ಅದೇ, ಹೋಲಿಸಲು ಅನುಕೂಲ. ನಾನು ಇಲ್ಲದ ದಿನ ಮನೆಯಾಕೆ ಓದುತ್ತಾಳೆ. ಅವಳ ಓದೇ ಹೆಚ್ಚು ಸರಿ, ನಾನು ಅವಸರದವನು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಹಳ್ಳವೂ ಒಂದು ರಾತ್ರಿ ಗದ್ದೆಗೆ ನುಗ್ಗಿತ್ತು. ಬೆಳಗ್ಗೆ ಎದ್ದು ಎಲ್ಲರೂ ಎಲ್ಲಿಯ ತನಕ ಬಂದಿತ್ತು ಅಂತ ವಾದ. ಅದಕ್ಕೊಂದು ಉಪಾಯ ಇದೆ. ತೂತುಗಳಿರುವ ಪೈಪಿನೊಳಗೆ ಒಂದು ಮರದ ಕೋಲು, ತಳದಲ್ಲಿ ಒಂದು ಹಿಡಿ ಕಾರ್ಕ್ ಪುಡಿ. ನೀರು ಏರಿದಾಗ ಪುಡಿ ತೇಲಿ ಏರುತ್ತದೆ, ಇಳಿಯುವಾಗ ಅತಿ ಎತ್ತರದಲ್ಲಿ ಕೋಲಿಗೆ ಅಂಟಿ ಉಳಿಯುತ್ತದೆ. ನಾನು ಬಡಗಿಯ ಅಂಗಡಿಯ ಮರದ ಹುಡಿ ಹಾಕಿದೆ. ಒಮ್ಮೊಮ್ಮೆ ಅಂಟುತ್ತದೆ, ಒಮ್ಮೊಮ್ಮೆ ನೆನೆದು ಮುಳುಗುತ್ತದೆ. ಕಾರ್ಕ್ ಸಿಕ್ಕರೆ ಕಾರ್ಕೇ ಹಾಕಿ.

ಇಷ್ಟೆಲ್ಲ ಮಾಡಿದರೂ ಇದು ನೀರಿನ ಲೆಕ್ಕ. ನೀರಿಗೆ ಏನಾಗಿದೆ ಅನ್ನುವುದು ಬೇರೆ. ಅದನ್ನು ಹೇಳುವವು ಕಲ್ಲಿನಡಿಯ ಹುಳಗಳು.

ಬಲೆ ನಾನೇ ಹೊಲಿಸಿದೆ. ಮೊದಲು ಸೊಳ್ಳೆ ಪರದೆಯದು. ಕಣ್ಣು ದೊಡ್ಡದು, ಸಣ್ಣ ಹುಳ ಎಲ್ಲ ಪಾರು. ಆಮೇಲೆ ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ ಬಟ್ಟೆ ಹಾಕಿಸಿದೆ. ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮೇಲ್ಭಾಗದ ಕಲ್ಲುಗಳನ್ನು ಕಾಲಿನಿಂದ ಒಂದು ನಿಮಿಷ ಕದಡಬೇಕು. ಎದ್ದ ಹುಳ ಬಲೆಗೆ ಬರುತ್ತವೆ. ಮೂರು ಜಾಗದಲ್ಲಿ ಮೂರು ನಿಮಿಷ. ಬಿಳಿ ಟ್ರೇಗೆ ಸುರಿದು, ಎಣಿಸಿ, ಮತ್ತೆ ಹಳ್ಳಕ್ಕೇ ಬಿಡುವುದು. ವರ್ಷಕ್ಕೆ ಮೂರು ಸಲ, ನವೆಂಬರ್, ಫೆಬ್ರವರಿ, ಮೇ.

ಮೊದಲ ಸಲ ಎಣಿಸುವಾಗ ದನ ಹೊಡೆದುಕೊಂಡು ಬಂದ ಕಾಕಾ ನಿಂತು ನೋಡಿದರು.

"ಏನ್ ತಮ್ಮಾ, ಮೀನ ಹಿಡ್ಯಾಕ ಹತ್ತಿಯೇನ?"

"ಇಲ್ರಿ ಕಾಕಾ, ಹುಳ ಎಣಸಾಕ ಹತ್ತೀನಿ."

"ಹುಳ ಎಣಿಸಿದ್ರ ರೊಕ್ಕ ಯಾರ ಕೊಡ್ತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ರೇ ತೋರಿಸಿದೆ. ಮೇಫ್ಲೈ ಮರಿಗಳಿಗೆ ಹೆಚ್ಚಾಗಿ ಮೂರು ಬಾಲ, ಹೊಟ್ಟೆಯ ಪಕ್ಕದಲ್ಲಿ ಕಿವಿರು ಪಟಪಟ ಬಡಿಯುತ್ತಿರುತ್ತವೆ. ಸ್ಟೋನ್‌ಫ್ಲೈಗೆ ಎರಡೇ ಬಾಲ, ಪಾದದಲ್ಲಿ ಎರಡೆರಡು ಉಗುರು. ಕ್ಯಾಡಿಸ್ ಮರಿ ಮರಳು, ಕಡ್ಡಿ ಅಂಟಿಸಿ ತನಗೊಂದು ಗೂಡು ಕಟ್ಟಿಕೊಂಡು ಅದನ್ನೇ ಎಳೆದುಕೊಂಡು ನಡೆಯುತ್ತದೆ. ಕಾಕಾ ಕ್ಯಾಡಿಸ್ ನೋಡಿ ಕೂತೇಬಿಟ್ಟರು. ಅರವತ್ತು ವರ್ಷ ಈ ಹಳ್ಳ ದಾಟಿದವರು, ಕಡ್ಡಿ ನಡೆಯುವುದನ್ನು ಅವತ್ತೇ ನೋಡಿದ್ದು. ಈ ಮೂರು ಜಾತಿಯವಕ್ಕೆ ಆಮ್ಲಜನಕ ಚೆನ್ನಾಗಿರುವ ಶುದ್ಧ ನೀರು ಬೇಕು. ಗಟಾರಿನ ಬಾಯಲ್ಲಿ ನೋಡಿದರೆ ಸಿಗುವುದು ಕೆಂಪು ಎಳೆಹುಳ ಮಾತ್ರ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಥರದ್ದೇ ಅದರಲ್ಲೂ ಇರುತ್ತದೆ. ಆಮ್ಲಜನಕ ಕಡಿಮೆ ಇದ್ದರೂ ನಡೆಯುತ್ತದೆ.

ಒಂದು ಮೇ ತಿಂಗಳು ಟ್ರೇ ಹೆಚ್ಚೂಕಡಿಮೆ ಖಾಲಿ ಬಂತು. ಫೆಬ್ರವರಿಯಲ್ಲಿ ಎಣಿಸಿ ಸುಸ್ತಾಗುವಷ್ಟು ಮೇಫ್ಲೈ ಇದ್ದ ಜಾಗ. ಈಗ ಮೂರು ಬಸವನಹುಳ, ನಾಲ್ಕೈದು ಎರೆಯಂಥ ಹುಳ. ಪಿಎಚ್ ಕಾಗದ ಅದ್ದಿದೆ, 7. ಟಿಡಿಎಸ್ ಪೆನ್ ಹಾಕಿದೆ, ಎಂದಿನಷ್ಟೇ. ಈ ಟಿಡಿಎಸ್ ಪೆನ್ ಬಗ್ಗೆ ಒಂದು ಮಾತು. ಫಿಲ್ಟರ್ ಮಾರುವವರು ಇದನ್ನು ದೇವರ ಹಾಗೆ ತೋರಿಸುತ್ತಾರೆ. ಅದು ಹೇಳುವುದು ಕರಗಿದ ಉಪ್ಪಿನ ಅಂದಾಜು ಅಷ್ಟೇ, ವಿಷ ಇದೆಯೋ ಇಲ್ಲವೋ ಅಂತಲ್ಲ.

ನಾಲ್ಕು ದಿನ ವಿಚಾರಿಸಿದ ಮೇಲೆ ಗೊತ್ತಾಯಿತು. ಹಿಂದಿನ ವಾರ ಯಾರೋ ಮೇಲಿನ ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿದಿದ್ದರು. ಪೌಡರ್ ಕೆಲವೇ ಗಂಟೆಯಲ್ಲಿ ತೊಳೆದುಹೋಗಿತ್ತು. ನಾನು ಹೋದಾಗ ನೀರು ಕುಡಿಯುವ ಹಾಗಿತ್ತು. ನಾನು ನೀರು ನೋಡುವುದು ಹೋದ ಹೊತ್ತಿಗೆ ಅಷ್ಟೇ, ಹುಳ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕಳಿಸಿದ್ದರೂ ಎಲ್ಲ ಸರಿ ಇದೆ ಅಂತಲೇ ಬರುತ್ತಿತ್ತು. ಮುಂದಿನ ನವೆಂಬರಿನಲ್ಲಿ ಮೇಫ್ಲೈ, ಕ್ಯಾಡಿಸ್ ಬಂದಿದ್ದವು. ಮೇಲಿನ ಕಾಡಿನ ನೀರಿನಲ್ಲಿ ತೇಲಿ ಬಂದಿರಬೇಕು. ಸ್ಟೋನ್‌ಫ್ಲೈ ಕಂಡಿದ್ದು ಅದರ ಮುಂದಿನ ವರ್ಷ. ಆ ಎರಡು ಓದಿನಲ್ಲಿ ಸ್ಟೋನ್‌ಫ್ಲೈ ಮುಂದೆ ಸೊನ್ನೆ ಬರೆದಿದ್ದೇನೆ. ಖಾಲಿ ಬಿಟ್ಟಿದ್ದರೆ ಇರಲಿಲ್ಲವೋ, ನಾನು ನೋಡಲಿಲ್ಲವೋ ಅಂತ ಈಗ ಗೊತ್ತಾಗುತ್ತಿರಲಿಲ್ಲ.

ಮೇಲಿನ ಕಾಡು ಅಂದೆನಲ್ಲ, ಅಲ್ಲಿಗೆ ನಾನು ಹೋಗುವುದಿಲ್ಲ. ಭೀಮಗಡ 2011ರಿಂದ ವನ್ಯಜೀವಿ ಧಾಮ, ಒಳಗೆ ಅಳತೆ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ನನ್ನ ಗದ್ದೆಯ ಬದಿಯೇ ನನಗೆ ಸಾಕಷ್ಟಿದೆ. ಒಂದು ದಿನ ಬೆಳಗ್ಗೆ ಪಟ್ಟಿಯ ಪಕ್ಕದ ಬಂಡೆ ಮೇಲೆ ಹಿಕ್ಕೆ ಬಿದ್ದಿತ್ತು. ತುಂಬ ಏಡಿ ಚಿಪ್ಪಿನ ಚೂರು, ಮೀನಿನ ವಾಸನೆ. ನೀರುನಾಯಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದೆ. ನಾಣ್ಯ 27 ಮಿಲಿಮೀಟರ್, ಅಳತೆಗೆ ಆಗುತ್ತದೆ. ನೀರುನಾಯಿಯನ್ನು ಕಣ್ಣಾರೆ ಇವತ್ತಿಗೂ ಕಂಡಿಲ್ಲ. ಜಾಗ ಎಲ್ಲಿ ಅಂತ ವಾಟ್ಸಾಪ್ ಗ್ರೂಪಿಗೆ ಹಾಕುವುದಿಲ್ಲ, ಕೇಳಬೇಡಿ.

ಹೋದ ಬೇಸಿಗೆ ನನ್ನ ವಹಿಯಿಂದ ಒಂದು ಗ್ರಾಫ್ ಬರೆದು, ಮೇಲಿನ ಗದ್ದೆಯ ಕಾಕಾನ ಮನೆಗೆ ತೆಗೆದುಕೊಂಡು ಹೋದೆ. ಅದೇ ಕ್ಯಾಡಿಸ್ ನೋಡಿದ ಕಾಕಾ. ತ್ರೀ ಫೇಸ್ ಬರುವ ಹೊತ್ತು ಕೆಂಪು ಗೆರೆ, ನೀರಿನ ಮಟ್ಟ ನೀಲಿ ಗೆರೆ. ಕೆಂಪು ಎದ್ದ ಕಡೆ ನೀಲಿ ಬೀಳುತ್ತದೆ. ಎಲ್ಲರ ಮೋಟರೂ ಒಂದೇ ಸಲ ಹಾಕುವ ಬದಲು ಪಾಳಿ ಮಾಡಿಕೊಳ್ಳೋಣ ಅನ್ನುವುದು ನನ್ನ ಮಾತು. ಕಾಕಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಇದ ನಮ್ಮ ಮೋಟರ್. ಖರೇ. ನಿಂದೂ ಒಂದ ಐತಲ್ಲೋ ತಮ್ಮಾ, ನಿನ್ನ ಪಟ್ಟಿ ಕೆಳಗ. ಅದು ಎಷ್ಟಕ್ಕ ಚಾಲೂ ಆಗ್ತೈತಿ?"

ನನ್ನ ಮೋಟರ್ ಪಟ್ಟಿಯ ಕೆಳಗಿದೆ. ಹಾಗಾಗಿ ನನ್ನ ಓದಿನಲ್ಲಿ ಅದು ಕಾಣುವುದೇ ಇಲ್ಲ. ಕೆಳಗಿನ ಮನೆಯವರಿಗೆ ಕಾಣುತ್ತಿರಬೇಕು.

ಮಾರನೇ ದಿನ ನನ್ನ ಫುಟ್‌ವಾಲ್ವಿನ ಕೆಳಗೆ ಇನ್ನೊಂದು ತಗಡಿನ ಕಂಡಿ ನಿಲ್ಲಿಸಿದೆ. ವಹಿಯಲ್ಲಿ ಹೊಸ ಕಾಲಂ ಎಳೆದು ಮೊದಲ ಸಾಲು ಬರೆದೆ. ನಮ್ಮ ಮೋಟರ್ ಚಾಲೂ, ಬೆಳಗ್ಗೆ 6.10. ಮೇಲೆ 9, ಕೆಳಗೆ 5.